ಕೈಗೆ 82 ಸಾವಿರ, ಹೊಸ ಮನೆ ಬಾಡಿಗೆ 26 ಸಾವಿರ: ತಿಂಗಳು ಸಾಗುತ್ತಾ?

ಕೆಂಗೇರಿ_ಪಯಣಿಗ
ಈಗ ಕೆಂಗೇರಿ ಉಪನಗರದಲ್ಲಿ ಒಂದು ಬೆಡ್‌ರೂಮಿನ ಮನೆ, ಬಾಡಿಗೆ 13,000, ಓನರ್ ಹತ್ತಿರ ಅಡ್ವಾನ್ಸ್ 80,000 ಇದೆ. ಆಫೀಸು ಬೆಂಗಳೂರಿನ ಇನ್ನೊಂದು ತುದಿಯ ಐಟಿಪಿಎಲ್ ಟೆಕ್ ಪಾರ್ಕಿನಲ್ಲಿ. ಹೂಡಿ ಹತ್ತಿರದ ಅಪಾರ್ಟ್‌ಮೆಂಟ್ ನೋಡಿದ್ದೇವೆ: ಎರಡು ಬೆಡ್‌ರೂಮ್, ಬಾಡಿಗೆ 26,000, ಮೆಂಟೇನೆನ್ಸ್ 3,200, ಅಡ್ವಾನ್ಸ್ ಒಂದೂವರೆ ಲಕ್ಷ.
ಕೈಗೆ ಬರುವ ಸಂಬಳ 82,000. ಗಾಡಿ ಸಾಲದ ಕಂತು 4,800, ಪರ್ಸನಲ್ ಲೋನ್ ಕಂತು 7,500 (ಇನ್ನೂ 14 ತಿಂಗಳು), ಊರಿಗೆ 10,000, ಚೀಟಿ 5,000, ಮೆಟ್ರೊ 3,800, ಮನೆ ಖರ್ಚು 20,000. ಲೆಕ್ಕದ ಪ್ರಕಾರ ಸುಮಾರು 18,000 ಉಳಿಯಬೇಕು. ಬ್ಯಾಂಕಿನಲ್ಲಿ 1,90,000 ಇದೆ. ಜೂನ್‌ಗೆ ಮಗಳು ಎಲ್‌ಕೆಜಿ, ವರ್ಷಕ್ಕೆ 60,000. ಬಾಡಿಗೆ ಸಂಬಳದ ಮೂರನೇ ಒಂದು ಭಾಗದೊಳಗೇ ಇದೆಯಲ್ಲ, ಹೋಗಬಹುದಾ?

ಲೆಕ್ಕದಪುಸ್ತಕ
ಮೂರನೇ ಒಂದು ಭಾಗದ ಸೂತ್ರಕ್ಕೆ ನಿಮ್ಮ ಕಂತುಗಳೂ ಗೊತ್ತಿಲ್ಲ, ಊರಿಗೆ ಕಳಿಸುವ ದುಡ್ಡೂ ಗೊತ್ತಿಲ್ಲ. ಅದನ್ನು ಬಿಡಿ.

ಮೊದಲು ಆ 18,000 ನಿಜವಾ ನೋಡಿ. ಸಂಬಳ ಬೀಳುವ ಹಿಂದಿನ ದಿನ ಖಾತೆಯಲ್ಲಿ ಎಷ್ಟಿತ್ತು ಅನ್ನುವುದನ್ನು ಪಾಸ್‌ಬುಕ್ಕಿನಲ್ಲಿ ಹುಡುಕಿ, ಆರು ತಿಂಗಳ ಹಿಂದಿನ ಮೊತ್ತವನ್ನು ಈಗಿನದರಿಂದ ಕಳೆದು ಆರರಿಂದ ಭಾಗಿಸಿ. ಬೋನಸ್ ಬಂದಿದ್ದರೆ ತೆಗೆದುಹಾಕಿ, ಎಫ್‌ಡಿಗೆ ಹಾಕಿದ್ದರೆ ಸೇರಿಸಿ. ತಿಂಗಳಿಗೆ 18 ಉಳಿಯುವುದು ನಿಜವಾದರೆ ಆರು ತಿಂಗಳಲ್ಲಿ 1,08,000 ಏರಿರಬೇಕು. ಹೆಚ್ಚಿನವರಿಗೆ ಇಲ್ಲೇ ಲೆಕ್ಕ ತಪ್ಪುತ್ತದೆ. ಗಾಡಿ ಇನ್ಶೂರೆನ್ಸ್, ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗಿಬರುವುದು, ಮದುವೆ ಉಡುಗೊರೆ, ಇವೆಲ್ಲ 'ಮನೆ ಖರ್ಚು 20,000' ಅನ್ನುವ ಸಾಲಿನೊಳಗೆ ಇರುವುದಿಲ್ಲ.

ಸದ್ಯಕ್ಕೆ 18 ಅಂತಲೇ ಇಟ್ಟುಕೊಳ್ಳೋಣ. ಹೊಸ ಮನೆಯ ನಿಜವಾದ ತಿಂಗಳ ಬೆಲೆ 26,000 ಅಲ್ಲ. ಮೆಂಟೇನೆನ್ಸ್ ಸೇರಿ 29,200. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗ್‌ಗೆ ಮುರಿದುಕೊಳ್ಳುವ ಒಂದು ತಿಂಗಳದ್ದು, ಸಾಮಾನು ಸಾಗಿಸಲು 12,000 ಅಂತ ಹಿಡಿದರೆ ಒಟ್ಟು 64,000. ಹನ್ನೊಂದು ತಿಂಗಳ ಎರಡು ಅಗ್ರಿಮೆಂಟ್ ಅಲ್ಲಿರುತ್ತೀರಿ ಅಂದುಕೊಂಡು 22ರಿಂದ ಭಾಗಿಸಿದರೆ 2,909. ಅಡ್ವಾನ್ಸ್ 70,000 ಹೆಚ್ಚಾಯಿತು, ಶೇ 7ರ ಲೆಕ್ಕದಲ್ಲಿ ಕಳೆದುಕೊಳ್ಳುವ ಬಡ್ಡಿ ತಿಂಗಳಿಗೆ 408. ಎಲ್ಲ ಸೇರಿ 32,517, ಅಂದರೆ ಈಗಿನದಕ್ಕಿಂತ 19,517 ಜಾಸ್ತಿ. ಮೆಟ್ರೊ ಖರ್ಚು ಸುಮಾರು 800ಕ್ಕೆ ಇಳಿದರೂ ಹೊರೆ 16,500ಕ್ಕಿಂತ ಮೇಲೆ.

ಕೈಯಲ್ಲಿ ಉಳಿಯುವುದು 1,400 ಚಿಲ್ಲರೆ. ಎಲ್‌ಕೆಜಿ ಶುಲ್ಕ ತಿಂಗಳಿಗೆ 5,000 ಎತ್ತಿಟ್ಟರೆ 3,500 ಚಿಲ್ಲರೆ ಕೊರತೆ. ಹನ್ನೆರಡನೇ ತಿಂಗಳು ಶೇ 5 ಬಾಡಿಗೆ ಏರಿದರೆ ಇನ್ನೊಂದು 1,300. ಈ ಮನೆ ಈಗ ಬೇಡ. ಲೋನ್ ಮುಗಿದು 7,500 ಬಿಡುಗಡೆಯಾದ ಮೇಲೆ ನೋಡಿ.

ಟೆಂಪೊ_ಟೋಪಣ್ಣ
ಮೇಲಿನ ಲೆಕ್ಕ ಸರಿ, ಆದರೆ ಇದು ಮೊದಲ ತಿಂಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ ಸರ್. ಕೀಲಿ ಕೊಡೋ ದಿನಕ್ಕೆ ಅಡ್ವಾನ್ಸ್ 1,50,000, ಮೊದಲ ಬಾಡಿಗೆ 26,000, ಬ್ರೋಕರ್ 26,000, ಸಾಗಾಣಿಕೆ 12,000: ಒಟ್ಟು 2,14,000. ನಿಮ್ಮ ಹತ್ತಿರ ಇರೋದು 1,90,000. ಹಳೇ ಓನರ್ ಪೇಂಟಿಂಗ್‌ಗೆ 13,000 ಮುರಿದು 67,000 ಕೊಡ್ತಾರೆ, ಆದರೆ ಮನೆ ಖಾಲಿ ಮಾಡಿದ ಮೇಲೆ. ಕೆಲವರು ಹೊಸ ಬಾಡಿಗೆದಾರ ಬರೋವರೆಗೂ ಕಾಯಿಸ್ತಾರೆ.
ನೋಟಿಸ್ ವಾಟ್ಸಾಪಲ್ಲೇ ಕೊಡಿ, ತಾರೀಕು ಹಾಕಿ, ಅಡ್ವಾನ್ಸ್ ಯಾವತ್ತು ವಾಪಸ್ ಅಂತ ಅವರಿಂದ ಉತ್ತರ ಬರೆಸಿಕೊಳ್ಳಿ. ಹೊಸ ಓನರ್ ಹತ್ತಿರ ಬಾಡಿಗೆ ಇಳಿಸೋಕಿಂತ ಅಡ್ವಾನ್ಸ್ ಇಳಿಸಿಕೊಳ್ಳೋದು ಸುಲಭ. ಒಪ್ಪದಿದ್ದರೆ ಎರಡು ಕಂತು ಕೇಳಿ, ಎರಡನೇ ಕಂತಿನ ದಿನಾಂಕ ಅಗ್ರಿಮೆಂಟಿನಲ್ಲಿ ಬರೆಸಿ. ಅದರಲ್ಲೇ ಲಾಕ್-ಇನ್ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು ಅಂತಲೂ ನೋಡಿಕೊಳ್ಳಿ. ಲಾಕ್-ಇನ್ ಇದ್ದು ಮಧ್ಯೆ ಬಿಟ್ಟರೆ ಅಡ್ವಾನ್ಸಿಗೇ ಕತ್ತರಿ.

ಕೆಂಗೇರಿ_ಪಯಣಿಗ
ಚೀಟಿ ಕೂಗಿ ಅಡ್ವಾನ್ಸ್ ಕೊಟ್ಟರೆ? ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯಿಂದ (ಎಚ್‌ಆರ್‌ಎ) ತೆರಿಗೆ ಸ್ವಲ್ಪ ಇಳಿಯುತ್ತಲ್ಲ? ಈಗ ಕರೆಂಟ್ ಬಿಲ್ಲೂ ಸೊನ್ನೆ.

ಲೆಕ್ಕದಪುಸ್ತಕ
ಚೀಟಿ ಶುರುವಿನಲ್ಲೇ ಕೂಗಿದರೆ ಬಿಟ್ಟುಕೊಡುವ ಮೊತ್ತ ದೊಡ್ಡದು, ಜಾಮೀನೂ ಹುಡುಕಬೇಕು, ಆಮೇಲೆ ಮುಗಿಯುವವರೆಗೂ ಕಂತು ಕಟ್ಟಲೇಬೇಕು. ಕೊನೆಗೆ ಅದೂ ಒಂದು ಸಾಲವೇ.
ಎಚ್‌ಆರ್‌ಎ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿದ್ದರೆ ಬಾಡಿಗೆ ಎಷ್ಟು ಏರಿದರೂ ತೆರಿಗೆ ಒಂದು ರೂಪಾಯಿ ಇಳಿಯದು. ಹಳೆಯದರಲ್ಲಿದ್ದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟುವುದರಿಂದ ಓನರ್ ಪ್ಯಾನ್ ಬೇಕು. ಅದನ್ನು ಟೋಕನ್ ಹಣ ಕೊಡುವ ಮೊದಲೇ ಕೇಳಿ.

ಮೀಟರ್_ಬೋರ್ಡ್
ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಹಳೇ ಮನೆಯ ಆರ್‌ಆರ್ ಸಂಖ್ಯೆಯಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿ ಹೊಸ ಮನೆಯದಕ್ಕೆ ಜೋಡಿಸಬೇಕು. ಆದರೆ ಎಲ್ಲರಿಗೂ 200 ಯೂನಿಟ್ ಉಚಿತ ಅಂದುಕೊಳ್ಳಬೇಡಿ. ಪ್ರತಿ ಮೀಟರಿಗೂ ಅದರದೇ ಮಿತಿ ಇದೆ. ಅದನ್ನು ಮೀರಿದರೆ ಹೆಚ್ಚುವರಿಗೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ಒಂದು ಹಳೇ ಬಿಲ್ ಕೇಳಿ ನೋಡಿ.
ಆ 3,200ರಲ್ಲಿ ಏನೇನು ಬರುತ್ತೆ ಅಂತಲೂ ಅಸೋಸಿಯೇಶನ್‌ನಲ್ಲಿ ವಿಚಾರಿಸಿ. ಜನರೇಟರ್ ಕರೆಂಟಿಗೆ ಬೇರೆ ಮೀಟರಾ? ಕಾವೇರಿ ನೀರಾ, ಬೋರ್‌ವೆಲ್ಲಾ? ಟ್ಯಾಂಕರ್ ಆದರೆ ಕಳೆದ ಮಾರ್ಚ್, ಏಪ್ರಿಲ್, ಮೇ ತಿಂಗಳ ನೀರಿನ ಬಿಲ್ ತೋರಿಸಿ ಅನ್ನಿ. ಡಿಸೆಂಬರ್ ಬಿಲ್ ನೋಡಿ ಪ್ರಯೋಜನವಿಲ್ಲ.

ಟೆಂಪೊ_ಟೋಪಣ್ಣ
ಅಪಾರ್ಟ್‌ಮೆಂಟೇ ಬೇಕಾ? ಅದೇ ನೇರಳೆ ಮೆಟ್ರೊ ಮಾರ್ಗದಲ್ಲಿ ಕೆ.ಆರ್.ಪುರದ ಕಡೆ ಮೆಂಟೇನೆನ್ಸ್ ಇಲ್ಲದ ಮನೆ 20,000ದೊಳಗೆ, ಅಡ್ವಾನ್ಸ್ ಒಂದು ಲಕ್ಷಕ್ಕೆ ಸಿಕ್ಕರೆ, ಮೇಲಿನ ಲೆಕ್ಕದಲ್ಲೇ, ಮೆಟ್ರೊದಲ್ಲಿ ಉಳಿಯೋದನ್ನು ಕಳೆದು, ಹೆಚ್ಚುವ ಹೊರೆ ಸುಮಾರು 7,500. ಶಾಲೆ ಶುಲ್ಕ ಎತ್ತಿಟ್ಟ ಮೇಲೂ 5,500 ಉಳಿಯುತ್ತೆ. ಸಾಮಾನು ಸಾಗಿಸೋದು ತಿಂಗಳ ನಡುವಿನ ವಾರದ ದಿನ ಇಟ್ಟುಕೊಳ್ಳಿ, ತಿಂಗಳ ಕೊನೆ ಶನಿವಾರ-ಭಾನುವಾರ ಗಾಡಿಯವರು ಹೇಳಿದ್ದೇ ರೇಟು.