ದಿ ಲಾಸ್ಟ್ ಕಮಾಂಡ್: ಆ ಮುದುಕನ ತಲೆ ಯಾಕೆ ಅಲ್ಲಾಡುತ್ತದೆ?

ಪ್ರಶ್ನೆ: ರಷ್ಯಾ ಕ್ರಾಂತಿಯ ಕಥೆಯ ಈ 1928ರ ಮೂಕಿ ಚಿತ್ರವನ್ನು ನಿನ್ನೆ ರಾತ್ರಿ ನೋಡಿದೆ. ಆಮೇಲೆ ನಿದ್ದೆಯೇ ಬರಲಿಲ್ಲ. ರಷ್ಯಾದ ಚಕ್ರವರ್ತಿ ಜಾರ್‌ನ ಸೇನಾಪತಿಯಾಗಿದ್ದವನು ಹಾಲಿವುಡ್‌ನಲ್ಲಿ ದಿನಕ್ಕೆ ಏಳೂವರೆ ಡಾಲರ್‌ಗೆ ಎಕ್ಸ್‌ಟ್ರಾ, ಅಂದರೆ ಗುಂಪಿನಲ್ಲಿ ನಿಲ್ಲುವ ಸಣ್ಣ ನಟ! ಕನ್ನಡಿ ಮುಂದೆ ಮೇಕಪ್ ಹಚ್ಚುವಾಗಲೂ ಅವನ ತಲೆ ಅಲ್ಲಾಡುತ್ತಲೇ ಇರುತ್ತದೆ. ಯಾಕೆ?

ಉತ್ತರ 1: ರೈಲಿನ ದೃಶ್ಯ ಮತ್ತೆ ನೋಡಿ. ಪ್ರೀತಿಸಿದವಳಿದ್ದ ರೈಲು ಸೇತುವೆ ಮುರಿದು ಹಿಮದ ನದಿಗೆ ಬೀಳುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಆ ಪೆಟ್ಟು ಅದು.

ಉತ್ತರ 2: ಎಮಿಲ್ ಜಾನಿಂಗ್ಸ್ ನಟನೆ ಅಲ್ವಾ! ಮೊದಲ ಆಸ್ಕರ್‌ನಲ್ಲಿ ಶ್ರೇಷ್ಠ ನಟ ಅವರೇ. ಇದಕ್ಕೂ, ಇನ್ನೊಂದು ಚಿತ್ರಕ್ಕೂ ಸೇರಿ ಕೊಟ್ಟಿದ್ದು.

ಪ್ರಶ್ನೆ ಕೇಳಿದವರು: ರೈಲಿನ ದೃಶ್ಯ ಮತ್ತೆ ನೋಡಿದೆ. ಹೌದು, ಅಲ್ಲಿಂದಲೇ ಶುರು. ನನಗೆ ಜಾಸ್ತಿ ಕಾಡಿದ್ದು ಕೊನೆ. ಸ್ಟುಡಿಯೋದ ಸುಳ್ಳು ಕಂದಕದಲ್ಲಿ ಬಾವುಟ ಹಿಡಿದು, ನಿಜವಾದ ಯುದ್ಧವೆಂದೇ ನಂಬಿ ಸಾಯುತ್ತಾನೆ.