ಸೆರೆಯಲ್ಲಿರೋ ಎಲ್ಫ್‌ಗೆ ತಲೆ ಬಾಚೋರ್ಯಾರು?

"ನೋಡಿ ರಾಯರೇ," ಶೇಷು ಮೊಬೈಲ್ ಮುಂದೆ ಹಿಡಿದ. "ಫ್ಯಾಂಟಸಿ ಕತೆಯ ಚಿತ್ರ. ಎಲ್ಫ್ ಅಂದ್ರೆ ಯಕ್ಷರಂಥ ಜನ, ಇವನು ಅವರ ರಾಜಕುಮಾರ. ಆರು ತಿಂಗಳಿಂದ ಶತ್ರುಗಳ ನೆಲಮಾಳಿಗೆಯಲ್ಲಿ ಸೆರೆ."

ರಾಯರು ಕನ್ನಡಕ ಏರಿಸಿದರು. "ಆರು ತಿಂಗಳಾ? ಈಗ ತಾನೇ ಪಾರ್ಲರಿಂದ ಎದ್ದು ಬಂದ ಹಾಗಿದಾನೆ. ಎರಡೂ ಕೈಗೆ ಬೇಡಿ. ತಲೆ ಬಾಚಿದ್ಯಾರು?"

"ಎಲ್ಫ್ ಅಲ್ವಾ, ಸಿಕ್ಕಾಗಲ್ಲ."

"ಸೊಂಟದುದ್ದ ಕೂದಲು ಕಣಯ್ಯಾ. ವಾರ ಬಾಚದಿದ್ರೆ ಕತ್ತಿನ ಹಿಂದೆ ಗಂಟು, ತಿಂಗಳಿಗೆ ಜಡೆಗಟ್ಟುತ್ತೆ, ಆಮೇಲೆ ಕತ್ತರೀನೇ ಗತಿ. ಪಕ್ಕದ ಕೈದಿಯ ತಲೆ ತಾಗಿದರೆ ಹೇನು ಬೇರೆ. ಹೇನಿಗೇನು, ಇವನು ರಾಜವಂಶ ಅಂತ ಗೊತ್ತಾ?"

"ಕಾವಲುಗಾರ್ತಿ ಬಾಚ್ತಾಳೆ ಬಿಡಿ," ಅಂದರು ಪದ್ಮಕ್ಕ. "ಇಪ್ಪತ್ತನೇ ಅಧ್ಯಾಯಕ್ಕೆ ಪ್ರೀತಿ."

"ಬಾಚಲಿ. ಸೆರೆಯಿಂದ ಬಿಡಿಸೋಕೆ ದುಡ್ಡೆಷ್ಟು ಅಂತ ಯಾವ ಅಧ್ಯಾಯದಲ್ಲಿದೆ? ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್ 1192ರ ಡಿಸೆಂಬರಲ್ಲಿ ವಿಯೆನ್ನಾ ಹತ್ರ ಸಿಕ್ಕಿಬಿದ್ದ. ಕೇಳಿದ್ದು 1,50,000 ಮಾರ್ಕ್ ಬೆಳ್ಳಿ, ಮಾರ್ಕ್ ಅಂದ್ರೆ ಆಗಿನ ತೂಕದ ಲೆಕ್ಕ. ಜನರ ಆದಾಯ, ಚರಾಸ್ತಿಯಲ್ಲಿ ಕಾಲು ಭಾಗ ಕಿತ್ತರು, ಚರ್ಚಿನ ಬೆಳ್ಳಿ ಪಾತ್ರೆ ಎತ್ತಿದರು, ಸಿಸ್ಟರ್ಷಿಯನ್ ಅನ್ನೋ ಕ್ರೈಸ್ತ ಸನ್ಯಾಸಿ ಮಠದವರ ಉಣ್ಣೆನೂ ಬಿಡಲಿಲ್ಲ. 1,00,000 ಕೈಸೇರಿದ ಮೇಲೆ 1194ರ ಫೆಬ್ರವರಿಯಲ್ಲಿ ಬಿಟ್ಟರು, ಬಾಕಿಗೆ ಒತ್ತೆಯಾಳು ಇಟ್ಕೊಂಡು. ಅಂಥ ಮಾಲನ್ನ ಯಾರಾದ್ರೂ ಥಂಡಿ ನೆಲಮಾಳಿಗೆಯಲ್ಲಿಡ್ತಾರಾ? ಜ್ವರ ಬಂದು ಸತ್ತರೆ ಬೆಳ್ಳಿ ಹೋಯ್ತು."

"ಹಾಗಾದ್ರೆ ಎಲ್ಫ್ ಸೆರೆಯ ಕತೇನೇ ಬರೀಬಾರದಾ?"

"ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದಿಲ್ವಾ? ಅವರ ಎಲ್ಫ್ ರಾಜಕುಮಾರ ಮೈದ್ರೋಸ್ ಸಂಧಾನಕ್ಕೆ ಹೋಗಿ ಸಿಕ್ಕಿಬಿದ್ದ. ಯುದ್ಧ ಬಿಟ್ಟು ತೊಲಗಿದ್ರೆ ಅವನನ್ನ ಬಿಡ್ತೀನಿ ಅಂದ ಶತ್ರು ಮೋರ್ಗಾತ್. ಮೋರ್ಗಾತ್ ಮಾತು ಉಳಿಸ್ಕೊಳ್ಳೋ ಪೈಕಿ ಅಲ್ಲ ಅಂತ ಮೈದ್ರೋಸನ ಆರು ಜನ ತಮ್ಮಂದಿರೂ ಒಪ್ಪಲಿಲ್ಲ. ಆಗ ಮೋರ್ಗಾತ್ ಅವನ ಬಲ ಮಣಿಕಟ್ಟಿಗೆ ಉಕ್ಕಿನ ಪಟ್ಟಿ ಹಾಕಿ ಬಂಡೆಗೆ ನೇತುಹಾಕಿಸಿದ. ಚಿಕ್ಕಪ್ಪನ ಮಗ ಫಿಂಗಾನ್ ಹದ್ದಿನ ಮೇಲೆ ಬಂದ. ಪಟ್ಟಿ ಬಿಚ್ಚೋಕಾಗಲಿಲ್ಲ, ಕೈನೇ ಕಡಿದ."

ಶೇಷು ಮೊಬೈಲ್ ಕೆಳಗಿಟ್ಟ. "ಅದರಲ್ಲಿ ತಪ್ಪು ಹುಡುಕಲ್ವಾ?"

"ಹುಡುಕದೆ! ಮೈಭಾರವೆಲ್ಲ ಒಂದೇ ಕೈಗೆ ಬಿದ್ದರೆ ಭುಜದ ಕೀಲು ತಪ್ಪುತ್ತೆ, ನರ ಎಳೆದು ಬೆರಳು ಸತ್ತ ಹಾಗಾಗುತ್ತೆ. ಕಡಿಯೋ ಜಾಗದಲ್ಲಿ ಎರಡು ಅಪಧಮನಿ. ಮೊದಲೇ ತೋಳಿಗೆ ಬಿಗಿಯಾಗಿ ಕಟ್ಟದಿದ್ರೆ ಹದ್ದು ಇಳಿಯೋದ್ರೊಳಗೆ ಕತೆ ಮುಗೀತು. ಅದೆಲ್ಲ ಅವರು ಬರೆದಿಲ್ಲ, ಕ್ಷಮಿಸಿದೀನಿ. ಯಾಕಂದ್ರೆ ಮುಂದಿನ ಅಧ್ಯಾಯದಲ್ಲಿ ಆ ಕೈ ವಾಪಸ್ ಬೆಳೀಲಿಲ್ಲ. ಎಡಗೈಯಲ್ಲಿ ಕತ್ತಿ ಹಿಡಿಯೋದು ಕಲಿತ."

"ಕತ್ತಿ ಸರಿ," ಅಂದರು ಪದ್ಮಕ್ಕ, ಸ್ವಲ್ಪ ಹೊತ್ತು ಬಿಟ್ಟು. "ಒಂದು ಕೈಯಲ್ಲಿ ಜಡೆ ಹೆಣೆಯೋಕಾಗಲ್ಲ, ಪಾಪ."

"ಫಿಂಗಾನ್ ತನ್ನ ಜಡೆಗೆ ಚಿನ್ನದ ಎಳೆ ಹೆಣೆದುಕೊಳ್ಳೋನು. ಇವನಿಗೂ ಹೆಣೆದುಕೊಟ್ಟಿರ್ತಾನೆ. ಕಡಿದವನೂ ಅವನೇ ತಾನೇ."

"ಬಿಡುಗಡೆ ಆದ್ಮೇಲೆ ಪಟ್ಟಾಭಿಷೇಕ?"

"ಪಟ್ಟ ಚಿಕ್ಕಪ್ಪನಿಗೆ ಬಿಟ್ಟುಕೊಟ್ಟ."

"ಮತ್ತೆ ಕಾವಲುಗಾರ್ತಿ?"

"ಅಲ್ಲಿ ಕಾವಲಿಗಿದ್ದದ್ದು ಓರ್ಕ್ ಅನ್ನೋ ರಾಕ್ಷಸರು ಕಣೋ!"