ಹತ್ತನೇ ತಿಂಗಳು ನಡೀತಿದೆ, ಇನ್ನೂ ಅಂಬೆಗಾಲಿಡುತ್ತಿಲ್ಲ, ಅತ್ತೆ ವಾಕರ್ ಇಳಿಸಿದ್ದಾರೆ

ಪುಟ್ಟಿ ಅಮ್ಮ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ತಿಂಗಳು ತುಂಬಿದೆ. ಗಟ್ಟಿಯಾಗಿ ಕೂರುತ್ತಾಳೆ, ಎರಡೂ ಕೈಯಲ್ಲಿ ಸಾಮಾನು ಹಿಡಿದು ಕುಟ್ಟುತ್ತಾಳೆ, ನೆಲದ ಮೇಲೆ ಒಂದು ಕೂದಲೆಳೆ ಬಿದ್ದಿದ್ದರೂ ಎರಡೇ ಬೆರಳಲ್ಲಿ ಹೆಕ್ಕಿ ಸೀದಾ ಬಾಯಿಗೆ. ತಾತಾ ತಾತಾ ಅಂತ ಇಡೀ ದಿನ ಮಾತು. ಆದರೆ ಅಂಬೆಗಾಲು ಮಾತ್ರ ಇಲ್ಲ. ಬೋರಲು ಹಾಕಿದರೆ ಕಿರುಚಾಟ. ಅದರ ಬದಲು ಕೂತ ಕಡೆಯಿಂದಲೇ ಕುಂಡೆ ಮೇಲೆ ಜಾರಿಕೊಂಡು ಹೋಗುತ್ತಾಳೆ, ಎಡಗಾಲು ಮಡಚಿಕೊಂಡು ಬಲಗಾಲಿಂದ ಒದ್ದು ಒದ್ದು. ಹಾಲ್‌ನಿಂದ ಅಡುಗೆಮನೆಗೆ ಹೀಗೇ ಬರುತ್ತಾಳೆ, ನೋಡೋಕೆ ತಮಾಷೆಯಾಗೇ ಇದೆ.

ಪಕ್ಕದ ಫ್ಲ್ಯಾಟಿನ ಹುಡುಗ ಇವಳಿಗಿಂತ ಸ್ವಲ್ಪ ಚಿಕ್ಕವನು, ಆಗಲೇ ಸೋಫಾ ಹಿಡಿದು ನಿಲ್ಲುತ್ತಾನೆ. ಅದನ್ನು ನೋಡಿ ಬಂದಾಗಿನಿಂದ ನಮ್ಮತ್ತೆಗೆ ಸಮಾಧಾನವೇ ಇಲ್ಲ. ನಾದಿನಿ ಮಗನ ಹಳೇ ವಾಕರ್ ಅಟ್ಟದಿಂದ ಇಳಿಸಿ, ತೊಳೆದು ಒಣಗಿಸಿ ಇಟ್ಟಿದ್ದಾರೆ. ಕಾಲು ಊರೋದು ಅಭ್ಯಾಸ ಆಗಲಿ ಅಂತ. ವಾಕರ್ ಒಳ್ಳೆಯದಲ್ಲ ಅಂತ ಎಲ್ಲೋ ಓದಿದ ನೆನಪು, ಆದರೆ ಯಾಕೆ ಅಂತ ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಡಾಕ್ಟರಿಗೆ ತೋರಿಸಬೇಕಾ, ಕಾಯಬಹುದಾ? ಅತ್ತೆಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು?

ಹಾಸನದ ಅಪ್ಪ:

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ನಮ್ಮವನು ವಾಕರ್‌ನಲ್ಲೇ ಬೆಳೆದಿದ್ದು, ವರ್ಷ ತುಂಬೋಕೆ ಮುಂಚೆ ನಡೆದ. ನನ್ನ ಹೆಂಡತಿಗೆ ಅಡುಗೆ ಮಾಡೋಕಾದರೂ ಸ್ವಲ್ಪ ಹೊತ್ತು ಬಿಡುವು ಸಿಗುತ್ತಿತ್ತು.

ಫಿಸಿಯೋ, ಮೈಸೂರು:

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಮಗುವನ್ನು ನೋಡದೆ ಇದು ಹೀಗೇ ಅಂತ ಹೇಳಲು ಆಗಲ್ಲ, ಆದರೂ ನೀವು ಬರೆದಿದ್ದರಲ್ಲಿ ಹೆದರುವಂಥದ್ದು ನನಗೆ ಕಾಣಲಿಲ್ಲ. ಕೂತು ಜಾರುವ ಮಕ್ಕಳು ಬೇಕಾದಷ್ಟು ಇದ್ದಾರೆ, ಬೋರಲು ಹಾಕಿದರೆ ಅಳುವುದೂ ಈ ಮಕ್ಕಳದೇ ಗುಣ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿದೆ. ಆರೋಗ್ಯವಾಗಿರುವ ಮಕ್ಕಳೇ ಅಂಬೆಗಾಲಿಡುವುದು 5.2 ತಿಂಗಳಿಂದ 13.5 ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ಒಬ್ಬರೇ ನಡೆಯುವುದು 8.2ರಿಂದ 17.6 ತಿಂಗಳು. ಅಂದರೆ ಪಕ್ಕದ ಮನೆ ಹುಡುಗನೂ ಸರಿ, ನಿಮ್ಮ ಮಗಳೂ ಸರಿ. ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಕೈ ಮಂಡಿ ಊರಿ ಅಂಬೆಗಾಲು ಇಡಲೇ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ, ಮಕ್ಕಳು ಯಾವ ವಯಸ್ಸಿಗೆ ಏನು ಮಾಡಬೇಕು ಅನ್ನುವ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಅದು ನನಗೆ ಅಷ್ಟು ಇಷ್ಟವಾಗಲಿಲ್ಲ, ಅಂಬೆಗಾಲಿನಿಂದ ಭುಜಕ್ಕೆ ಬೆನ್ನಿಗೆ ಒಳ್ಳೇ ಬಲ ಬರುತ್ತದೆ, ಆದರೆ ಅದು ಬೇರೆ ಚರ್ಚೆ.

ನೀವು ಗಮನಿಸಬೇಕಾದದ್ದು ಯಾವಾಗ ಅನ್ನುವುದಕ್ಕಿಂತ ಹೇಗೆ ಅನ್ನುವುದನ್ನು. ಎರಡೂ ಕೈ ಒಂದೇ ಥರ ಕೆಲಸ ಮಾಡುತ್ತವಾ, ಅಥವಾ ಒಂದು ಕೈ ಯಾವಾಗಲೂ ಮುಷ್ಟಿ ಕಟ್ಟಿಕೊಂಡಿರುತ್ತದಾ? ಡೈಪರ್ ಬದಲಾಯಿಸುವಾಗ ಕಾಲು ಸಲೀಸಾಗಿ ಅಗಲವಾಗುತ್ತದಾ, ಇಲ್ಲ ಕಟ್ಟಿಗೆಯ ಹಾಗೆ ಬಿಗಿಯಾಗಿರುತ್ತದಾ? ಎತ್ತಿಕೊಂಡಾಗ ಕೈಯಿಂದ ಜಾರಿಹೋಗುವಷ್ಟು ಸಡಿಲವಾ? ಮೊದಲು ಮಾಡುತ್ತಿದ್ದದ್ದನ್ನು ಈಗ ಬಿಟ್ಟಿದ್ದಾಳಾ? ಇದರಲ್ಲಿ ಒಂದಿದ್ದರೂ ಕಾಯಬೇಡಿ, ಈ ವಾರವೇ ತೋರಿಸಿ. ತಿಂಗಳು ತುಂಬದೆ ಹುಟ್ಟಿದವಳಾದರೆ ಲೆಕ್ಕ ಹಾಕಬೇಕಾದದ್ದು ಡಾಕ್ಟರ್ ಕೊಟ್ಟಿದ್ದ ಹೆರಿಗೆ ದಿನಾಂಕದಿಂದ. ಒಂದೇ ಕಾಲಿಂದ ಒದೆಯುವುದು ಜಾರುವ ಮಕ್ಕಳಲ್ಲಿ ಸಾಮಾನ್ಯ, ಆದರೂ ಎಡಗಾಲನ್ನು ಬೇರೆ ಹೊತ್ತಿನಲ್ಲಿ ಚೆನ್ನಾಗಿ ಆಡಿಸುತ್ತಾಳಾ ನೋಡಿ, ಡಾಕ್ಟರಿಗೂ ಹೇಳಿ. ಇನ್ನೊಂದು, ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಹೀಗೆ ಜಾರುತ್ತಿದ್ದರಾ ಕೇಳಿ. ಇದು ವಂಶದಲ್ಲಿ ಬರುವುದುಂಟು. ಇಂಥ ಮಕ್ಕಳು ನಡೆಯುವುದು ಸ್ವಲ್ಪ ತಡ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಮಾತ್ರ ಯಾವ ಮಗುವಾದರೂ ಒಮ್ಮೆ ತೋರಿಸಲೇಬೇಕು.

ವಾಕರ್ ಬೇಡ. ಅದರಲ್ಲಿ ಮಗು ತೂಗಾಡಿಕೊಂಡು ಕಾಲ್ಬೆರಳ ತುದಿಯಿಂದ ತಳ್ಳುತ್ತದೆ, ತನ್ನ ಪಾದ ತನಗೇ ಕಾಣಲ್ಲ, ಮೈ ತೂಕ ಹೊರುವುದನ್ನೂ ಬ್ಯಾಲೆನ್ಸ್ ಮಾಡುವುದನ್ನೂ ಕಲಿಯಲ್ಲ. ಬೇಗ ನಡೆಸುವುದಿರಲಿ, ತಡವಾಗಬಹುದು.

ಟೊರಾಂಟೊ ಕನ್ನಡತಿ:

ಹಾಸನದವರೇ, ಬಿಡುವಿನ ಮಾತು ನನಗೂ ಅರ್ಥವಾಗುತ್ತೆ, ಆದರೆ ಆ ಬಿಡುವಲ್ಲೇ ಅಪಾಯ ಇರೋದು. ವಾಕರ್‌ನಲ್ಲಿರುವ ಮಗು ಒಂದು ಸೆಕೆಂಡಿಗೆ ಮೂರು ಅಡಿ ದಾಟುತ್ತದೆ. ನೀವು ಒಲೆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಮೆಟ್ಟಿಲ ಹತ್ತಿರ ಇರುತ್ತೆ, ಇಲ್ಲ ಮೇಜಿನ ಮೇಲಿನ ಬಿಸಿ ಕಾಫಿಗೆ ಕೈ ಹಾಕಿರುತ್ತೆ. ಇಲ್ಲಿ ಕೆನಡಾದಲ್ಲಿ 2004ರಿಂದ ವಾಕರ್ ನಿಷೇಧ, ಮಾರೋ ಹಾಗಿಲ್ಲ, ಹೊರಗಿನಿಂದ ತರೋ ಹಾಗಿಲ್ಲ, ಮನೆ ಮುಂದೆ ಹಳೇ ಸಾಮಾನು ಮಾರುವಾಗಲೂ ಇಡೋ ಹಾಗಿಲ್ಲ. ನಮ್ಮಮ್ಮ ಊರಿಂದ ಬರುವಾಗ ಸೂಟ್‌ಕೇಸಲ್ಲಿ ಬಿಚ್ಚಿ ತುಂಬಿಕೊಂಡು ಬರ್ತೀನಿ ಅಂದಿದ್ದರು. ಇಲ್ಲಿ ಸರ್ಕಾರವೇ ಬೇಡ ಅಂದಿದೆ ಅಂತ ಹೇಳಿದೆ, ಸುಮ್ಮನಾದರು. ಸೊಸೆ ಮಾತಿಗಿಂತ ಸರ್ಕಾರದ ಮಾತಿಗೆ ತೂಕ ಜಾಸ್ತಿ, ಪ್ರಯತ್ನಿಸಿ ನೋಡಿ.

ಧಾರವಾಡದ ಆಯಿ:

ನೋಡವ್ವ, ನಿಮ್ಮತ್ತೆ ಮೇಲೆ ಸಿಟ್ಟು ಮಾಡಿಕೋಬೇಡ, ಮೊಮ್ಮಗಳ ಮೇಲಿನ ಜೀವಕ್ಕೆ ಮಾಡಿದ್ದು. ಒಂದು ಕೇಳತೀನಿ, ಕೂಸು ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ? ಈಗಿನ ಮನೆಗಳಲ್ಲಿ ನೆಲ ಥಂಡಿ, ಟೈಲ್ಸ್ ಜಾರುತ್ತದೆ ಅಂತ ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟಿಸುತ್ತಿರುತ್ತಾರೆ. ದಪ್ಪನೆಯ ಜಮಖಾನೆ ಹಾಸು. ಪ್ಯಾಂಟು, ಸಾಕ್ಸು ತೆಗೆ, ಬರಿ ಮಂಡಿ ಬರಿ ಪಾದಕ್ಕೆ ಹಿಡಿತ ಸಿಗುತ್ತದೆ. ಬೋರಲು ಹಾಕಿದರೆ ಅಳುತ್ತಾಳೆ ಅಂದರೆ ನೀನೇ ಮಲಗಿ ನಿನ್ನ ಎದೆ ಮೇಲೆ ಬೋರಲು ಹಾಕಿಕೋ, ಮುಖ ಕಂಡರೆ ಅಳೋದಿಲ್ಲ. ಸ್ಟೀಲ್ ಡಬ್ಬಿ ಒಂದು ಕೈಗೆ ಎಟುಕದ ಹಾಗೆ ಸ್ವಲ್ಪ ದೂರ, ಸ್ವಲ್ಪ ಎತ್ತರಕ್ಕೆ ಇಡು. ಅತ್ತೆಗೂ ಇದೇ ಕೆಲಸ ಒಪ್ಪಿಸು. ಏನೂ ಕೆಲಸ ಇಲ್ಲದಾಗಲೇ ನಮಗೆ ಅಟ್ಟದ ಮೇಲಿನ ಸಾಮಾನು ನೆನಪಾಗೋದು.

ಹಿಡಿದು ಎದ್ದು ನಿಲ್ಲೋಕೆ ಶುರು ಮಾಡಿ, ನಾಲ್ಕು ಹೆಜ್ಜೆ ಇಡುವಾಗ ಚನ್ನಪಟ್ಟಣದ ಮೂರು ಗಾಲಿಯ ಮರದ ಗಾಡಿ ಕೊಡಿಸಲಿ. ಅದು ಕೂತುಕೊಳ್ಳೋದಲ್ಲ, ಹಿಂದೆ ನಿಂತು ತಳ್ಳೋದು. ಈಗಲೇ ಬೇಡ.

ಹಾಸನದ ಅಪ್ಪ:

ಮರದ ಗಾಡಿಯೂ ಟೈಲ್ಸ್ ಮೇಲೆ ಓಡಿಹೋಗುತ್ತೆ ಆಯಿ, ಮಗು ಮುಖ ಅಡಿಯಾಗಿ ಬೀಳುತ್ತೆ. ಅದಕ್ಕೂ ಒಬ್ಬರು ಜೊತೆಗೆ ಇರಲೇಬೇಕು.

ಶಿವಮೊಗ್ಗದ ಅಂಗನವಾಡಿ ಟೀಚರ್:

ತಾಯಿ ಕಾರ್ಡ್ ತೆಗೆದು ನೋಡಿ ಮೇಡಂ. ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಇದೆ, ಯಾರೂ ಆ ಪುಟ ತೆರೆಯಲ್ಲ, ಲಸಿಕೆ ಪುಟ ಮಾತ್ರ. ಅತ್ತೆಗೂ ಅದನ್ನೇ ತೋರಿಸಿ. ಅನುಮಾನ ಇದ್ದರೆ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ, ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ ಇರುತ್ತದೆ, ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಮಕ್ಕಳ ಬೆಳವಣಿಗೆಯನ್ನು ಉಚಿತವಾಗಿ ನೋಡುತ್ತಾರೆ.

ಪುಟ್ಟಿ ಅಮ್ಮ, ಬೆಂಗಳೂರು:

ಎಲ್ಲರಿಗೂ ಥ್ಯಾಂಕ್ಸ್. ಫಿಸಿಯೋ ಮೇಡಂ, ನೀವು ಕೇಳಿದ್ದೆಲ್ಲ ನೋಡಿದೆ. ಕೈ ಎರಡೂ ಚುರುಕು, ಕಾಲು ಬಿಗಿ ಇಲ್ಲ, ಸ್ನಾನದ ಟಬ್ಬಲ್ಲಿ ಎಡಗಾಲಿಂದಲೇ ಜಾಸ್ತಿ ಒದೆಯುತ್ತಾಳೆ. ಮನೆಯಲ್ಲಿ ಬೇರೆ ಯಾರಾದರೂ ಹೀಗೆ ಜಾರುತ್ತಿದ್ದರಾ ಅಂತ ಅತ್ತೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಯ್ಯೋ ಇವನೇ ಚಡ್ಡಿ ಎಲ್ಲ ಹಿಂದೆ ಸವೆಸಿ ಹಾಕುತ್ತಿದ್ದನಲ್ಲ ಅಂತ ನಮ್ಮ ಯಜಮಾನರ ಕಡೆ ಕೈ ತೋರಿಸಿದರು. ಆಮೇಲೆ ನಡೆಯೋದು ತಡವಾಗಿದ್ದು, ಹರಕೆ ಹೊತ್ತಿದ್ದು ಎಲ್ಲ ಒಂದೊಂದೇ ನೆನಪಾಯಿತು. ಈಗ ಅವರಿಗೆ ನನಗಿಂತ ಧೈರ್ಯ ಜಾಸ್ತಿ ಬಂದಿದೆ, ಜಮಖಾನೆ ಅವರೇ ಹಾಸಿದರು.

ಶೀತ ಆಗಿದ್ದರಿಂದ ಒಂಬತ್ತನೇ ತಿಂಗಳ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಮುಂದಕ್ಕೆ ಹೋಗಿದೆ, ಗುರುವಾರ ಹಾಕಿಸುವಾಗ ಕಾಲನ್ನೂ ತೋರಿಸುತ್ತೇನೆ. ಹೊಸ ತಲೆನೋವು ಏನೆಂದರೆ, ವಾಕರ್ ಖಾಲಿ ಇದೆ ಅಂತ ಗೊತ್ತಾಗಿ ನಾದಿನಿ ತಮ್ಮ ಎರಡನೇ ಮಗನಿಗೆ ವಾಪಸ್ ಕೇಳುತ್ತಿದ್ದಾರೆ. ಈಗ ಅವರಿಗೆ ಏನಂತ ಹೇಳೋದು?